ಮೂರು ಕುದುರೆಗಳ ಮಣ್ಣು

ಮೊದಲ ಮೂರು ದಿನ ನನ್ನ ಕೈಗೆ ಮೇಣ ಕೊಡಲೇ ಇಲ್ಲ. ಮಣ್ಣು ಕುಟ್ಟುವುದು, ಮಣ್ಣು ಜರಡಿ ಹಿಡಿಯುವುದು, ಮಣ್ಣು ಕಲಸುವುದು, ಅಷ್ಟೇ. ಎರಕದ ಕೆಲಸ ಕಲಿಯಬೇಕೆಂದು ಬೆಂಗಳೂರಿನಿಂದ ಛತ್ತೀಸ್‌ಗಢದ ರಾಯಪುರಕ್ಕೆ ಹೋಗಿ, ಅಲ್ಲಿಂದ ಧಮತರಿ, ಕಾಂಕೇರ್ ದಾಟಿ, ಕೇಶ್ಕಾಲ್ ಘಾಟಿಯ ತಿರುವುಗಳನ್ನು ಬಸ್ಸಿನಲ್ಲಿ ಹತ್ತಿ ಬಸ್ತರ್ ಸೀಮೆಯ ಕೊಂಡಾಗಾವ್‌ನಲ್ಲಿ ಇಳಿದವಳಿಗೆ ಇದು ನಿರಾಸೆಯ ಆರಂಭವೇ ಆಗಿತ್ತು. ನನ್ನ ಮನಸ್ಸಿನ ತುಂಬ ಇದ್ದದ್ದು ಬೆಂಕಿ.

ಆ ಬೆಂಕಿ ಹಳೆಯದು. ನನ್ನ ಅಜ್ಜಿಯ ಊರು ನಾಗಮಂಗಲ. ಅಲ್ಲಿ ವಿಗ್ರಹ, ಪ್ರಭಾವಳಿ, ದೀಪದ ಕಂಬಗಳನ್ನು ಎರಕ ಹೊಯ್ಯುವ ವಿಶ್ವಕರ್ಮರ ಮನೆಗಳಿವೆ. ಬೇಸಿಗೆಯ ರಜೆಯಲ್ಲಿ ಬೀದಿಯಲ್ಲೇ ನಿಂತು ಒಳಗಿನ ಕೆಂಪು ಬೆಳಕನ್ನು ನೋಡುತ್ತಿದ್ದೆ. ಮಕ್ಕಳು ಹತ್ತಿರ ಬರಬಾರದೆಂದು ಗದರಿಸಿ ಕಳುಹಿಸುತ್ತಿದ್ದರು. ಆ ಬೆಳಕಿನೊಳಗೆ ಏನು ನಡೆಯುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ. ಬಹಳ ವರ್ಷಗಳ ಮೇಲೆ ಒಂದು ಕರಕುಶಲ ಮೇಳದಲ್ಲಿ ಬಸ್ತರ್‌ನ ಹಿತ್ತಾಳೆಯ ಕುದುರೆಯೊಂದನ್ನು ಕೈಗೆತ್ತಿಕೊಂಡೆ. ಮೈತುಂಬ ಕೂದಲೆಳೆಯಂಥ ಗೆರೆಗಳು. ಇಷ್ಟು ಸಣ್ಣ ಗೆರೆಗಳನ್ನು ಯಾವ ಉಳಿಯಲ್ಲಿ ಕೊರೆಯುತ್ತೀರಿ ಎಂದು ಕೇಳಿದೆ. "ಕೊರೆಯುವುದಿಲ್ಲ ಬಹನ್, ಸುತ್ತುತ್ತೇವೆ" ಎಂದರು ಕುಳಿತಿದ್ದ ಹೆಂಗಸು. ಆ ಉತ್ತರ ನನಗೆ ಅರ್ಥವಾಗಲಿಲ್ಲ. ಅರ್ಥವಾಗಲೆಂದೇ ಮರುವರ್ಷ ಸಂಕ್ರಾಂತಿ ಮುಗಿಸಿ, ಕಚೇರಿಗೆ ಮೂರು ವಾರ ರಜೆ ಹಾಕಿ, ಅವರ ಮನೆಯನ್ನೇ ಹುಡುಕಿಕೊಂಡು ಹೋದೆ.

ಅವರನ್ನು ಇಲ್ಲಿ ದೀದಿ ಎನ್ನುತ್ತೇನೆ, ಅವರ ಗಂಡನನ್ನು ದಾದಾ. ನಾನು ಅವರನ್ನು ಕರೆಯುತ್ತಿದ್ದುದೂ ಹಾಗೆಯೇ. ಅವರು ಘಡವಾ ಸಮುದಾಯದವರು. ಮೇಣದಲ್ಲಿ ಆಕಾರ ಮಾಡಿ, ಮಣ್ಣು ಹೊದಿಸಿ, ಮೇಣ ಕರಗಿಹೋದ ಜಾಗಕ್ಕೆ ಲೋಹ ಇಳಿಸುವ ಅವರ ಈ ಕೆಲಸವನ್ನು ಲೋಕವೆಲ್ಲ ಢೋಕ್ರಾ ಎಂದು ಕರೆಯುತ್ತದೆ. ಆ ಹೆಸರು ಬಂಗಾಳದ ಕಡೆಯ ಢೋಕ್ರಾ ದಾಮರ್ ಎಂಬ ಕುಶಲಕರ್ಮಿಗಳಿಂದ ಬಂದದ್ದು. ಬಾಂಕುಡಾದ ಬಿಕ್ನಾ, ಬರ್ಧಮಾನದ ದರಿಯಾಪುರ, ಒಡಿಶಾದ ಢೆಂಕಾನಾಲ್, ತೆಲಂಗಾಣದ ಆದಿಲಾಬಾದ್, ಹೀಗೆ ಎಲ್ಲೆಲ್ಲೂ ಇದೇ ಮೇಣದ ಎರಕದ ಕೆಲಸ ನಡೆಯುತ್ತದೆ, ಕೈ ಮಾತ್ರ ಬೇರೆ ಬೇರೆ. ಬಸ್ತರ್‌ನ ಕೈಯನ್ನು ದೇಶ ವಿದೇಶಗಳಿಗೆ ಪರಿಚಯಿಸಿದ ಜಯದೇವ್ ಬಘೇಲ್ ಇದೇ ಕೊಂಡಾಗಾವ್‌ನವರು. ಮೊದಲೆಲ್ಲ ಘಡವಾ ಮನೆಗಳು ಸುತ್ತಲಿನ ಗೊಂಡ, ಮುರಿಯ, ಹಲ್ಬಾ ಆದಿವಾಸಿಗಳಿಗೆ ಬೇಕಾದ ದೇವರ ಮೂರ್ತಿ, ಗಂಟೆ, ಕಡಗ, ಅಳತೆಯ ಪಾತ್ರೆಗಳನ್ನು ಮಾಡಿಕೊಡುತ್ತಿದ್ದವು. ಪಟ್ಟಣದ ಮನೆಗಳ ಕಪಾಟಿಗೆ ಆನೆ, ಕುದುರೆ ಮಾಡುವುದು ಆಮೇಲೆ ಬಂದದ್ದು.

ಮಣ್ಣಿಗೆ ಹಿಂದಿರುಗುತ್ತೇನೆ, ಏಕೆಂದರೆ ಎಲ್ಲವೂ ಅಲ್ಲಿಯೇ ಇದೆ. ಕುದುರೆಯ ಒಳಗಿನ ತಿರುಳು ಮಣ್ಣಿನದು. ಹೊಲದ ಮಣ್ಣಿಗೆ ಭತ್ತದ ಹೊಟ್ಟು ಸೇರಿಸಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಮೈ, ಕುತ್ತಿಗೆ, ತಲೆಯ ಒರಟು ಆಕಾರ ಮಾಡುವುದು. ಕಾಲುಗಳಿಗೆ ಮಣ್ಣು ಬೇಡ, ಅವು ಇಡಿಯಾಗಿ ಮೇಣದವೇ. ನಾನು ಒಂದು ತಿರುಳು ಮಾಡಿ ಮುಗಿಸಿದಾಗ ದೀದಿ ಇನ್ನೂ ಎರಡು ಮಾಡು ಎಂದರು. ಏಕೆಂದು ಕೇಳಿದ್ದಕ್ಕೆ, "ಒಂದು ಬಿಸಿಲಿಗೆ, ಒಂದು ಬೆಂಕಿಗೆ, ಒಂದು ನಿನಗೆ" ಎಂದರು. ಬಿಸಿಲು ತನ್ನ ಪಾಲನ್ನು ಮರುದಿನ ಮಧ್ಯಾಹ್ನವೇ ತೆಗೆದುಕೊಂಡಿತು. ಬೇಗ ಒಣಗಲೆಂದು ನಾನು ತಿರುಳುಗಳನ್ನು ನೆರಳಿನಿಂದ ಅಂಗಳದ ನಡುವಿಗೆ ಎತ್ತಿಟ್ಟಿದ್ದೆ. ಒಂದರ ಕುತ್ತಿಗೆಯಲ್ಲಿ ಬಿರುಕು ಕಾಣಿಸಿತು, ಸಂಜೆಯ ಹೊತ್ತಿಗೆ ತಲೆ ಕಳಚಿತು. ದೀದಿ ಬೈಯಲಿಲ್ಲ. ಅದನ್ನು ಮತ್ತೆ ಕುಟ್ಟಿ ಮಣ್ಣಿನ ರಾಶಿಗೆ ಸೇರಿಸಿದರು.

ಹೊರಗಿನ ಹೊದಿಕೆಗೆ ಬೇಕಾದದ್ದು ಹುತ್ತದ ಮಣ್ಣು. ಬುಟ್ಟಿಯಲ್ಲಿ ಅದನ್ನು ತಂದು ನನ್ನ ಮುಂದೆ ಸುರಿದಾಗ ಒನಕೆ ಎತ್ತಲು ನನಗೆ ಒಂದು ಕ್ಷಣ ಮನಸ್ಸು ಬರಲಿಲ್ಲ. ನಾಗರಪಂಚಮಿಗೆ ಹಾಲೆರೆದು, ಅರಿಶಿನ ಕುಂಕುಮ ಹಚ್ಚಿ, ಅದೇ ಮಣ್ಣನ್ನು ಹಣೆಗೆ ಇಟ್ಟುಕೊಂಡು ಬೆಳೆದ ಕೈ ಇದು. ದೀದಿಗೆ ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಅವರು ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಜೀವ ಇರುವ ಹುತ್ತವನ್ನು ತಾವೂ ಮುಟ್ಟುವುದಿಲ್ಲ, ಗೆದ್ದಲು ಬಿಟ್ಟುಹೋದದ್ದನ್ನು ಮಾತ್ರ ಅಗೆದು ತರುತ್ತೇವೆ ಎಂದರು. ಕಾರಣವನ್ನೂ ವಿವರಿಸಿದರು. ಗೆದ್ದಲು ಕಲ್ಲನ್ನು ಹೊರುವುದಿಲ್ಲ. ನಾವು ಎಷ್ಟು ಜರಡಿ ಹಿಡಿದರೂ ಅಷ್ಟು ನುಣುಪು ಬಾರದು, ಅಂಟೂ ಬಾರದು. ಬೆಂಕಿಯಲ್ಲಿ ಬಿರುಕು ಬಿಡದ ಮಣ್ಣು ಬೇಕೆಂದರೆ ಅದೇ.

ನಾಲ್ಕನೆಯ ದಿನ ಮೇಣ ಬಂತು. ಸಂತೆಯಲ್ಲಿ ಕೊಂಡ ಕಾಡುಜೇನಿನ ಮೇಣ, ಕಪ್ಪಿಗೆ ಹತ್ತಿರದ ಕಂದು. ಅದನ್ನು ಕಾಯಿಸಿ, ಬಟ್ಟೆಯಲ್ಲಿ ಸೋಸಿ, ತಣ್ಣೀರಿಗೆ ಇಳಿಸುತ್ತಾರೆ. ನೀರಿನ ಮೇಲೆ ತೇಲಿ ಗಟ್ಟಿಯಾದುದನ್ನು ಎತ್ತಿ ನಾದುತ್ತಾರೆ. ಜೇನುಮೇಣಕ್ಕೆ ಸಂಸ್ಕೃತದಲ್ಲಿ ಮಧೂಚ್ಛಿಷ್ಟ ಎನ್ನುತ್ತಾರೆ, ಜೇನಿನ ಎಂಜಲು. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ವಿಗ್ರಹಕ್ಕೆ ಮೇಣದ ಅಚ್ಚು ಮಾಡಿ ಎರಕ ಹೊಯ್ಯುವ ಕ್ರಮ ವಿವರವಾಗಿದೆ. ಮೇಣಕ್ಕೆ ಮಣ್ಣನ್ನು ಹೇಗೆ ಪದರ ಪದರವಾಗಿ ಲೇಪಿಸಬೇಕು, ಮೊದಲು ಮೇಣವನ್ನು ತೂಗಿ ಅದಕ್ಕೆ ತಕ್ಕಂತೆ ಲೋಹವನ್ನು ಹೇಗೆ ಲೆಕ್ಕ ಹಾಕಬೇಕು ಎಂಬುದೆಲ್ಲ ಅದರಲ್ಲಿದೆ. ನಮ್ಮ ಬಸವಕಲ್ಯಾಣದಲ್ಲಿ ಅರಸನೊಬ್ಬ ಬರೆಸಿಟ್ಟ ಲೆಕ್ಕವನ್ನು ಬಸ್ತರ್‌ನ ಅಂಗಳದಲ್ಲಿ ದಾದಾ ಯಾವ ಪುಸ್ತಕವನ್ನೂ ನೋಡದೆ ಮಾಡುವುದನ್ನು ಕಂಡಾಗ ನನಗೆ ಮೈ ಜುಮ್ಮೆಂದಿತು. ಎರಡು ಊರುಗಳ ನಡುವೆ ಎಳೆದ ಗೆರೆಯೊಂದು ನನ್ನ ಕಾಲ ಕೆಳಗೆ ಹಾದುಹೋದಂತೆ ಅನಿಸಿತು.

ಮೇಣದಿಂದ ಎಳೆ ತೆಗೆಯುವ ಸಾಧನವನ್ನು ಪಿಚ್ಕಿ ಎನ್ನುತ್ತಾರೆ. ನೋಡಿದೊಡನೆ ನಾನು "ಇದು ನಮ್ಮ ಶಾವಿಗೆ ಒರಳು!" ಎಂದು ಕನ್ನಡದಲ್ಲೇ ಕೂಗಿದೆ. ಒಂದು ಕೊಳವೆ, ತುದಿಯಲ್ಲಿ ತೂತಿನ ಬಿಲ್ಲೆ, ಮೇಲಿನಿಂದ ಒತ್ತಲು ಮರದ ದಂಡ. ಬಿಲ್ಲೆ ಬದಲಿಸಿದರೆ ಎಳೆಯ ದಪ್ಪ ಬದಲಾಗುತ್ತದೆ. ಬಿಸಿಲಿಗೆ ಇಟ್ಟು ಮೆತ್ತಗಾದ ಮೇಣವನ್ನು ಒಳಗೆ ತುಂಬಿ ಎದೆಯ ಭಾರವೆಲ್ಲ ಹಾಕಿ ಒತ್ತಿದರೆ ಕೆಳಗಿನಿಂದ ನಿಧಾನವಾಗಿ ಎಳೆ ಇಳಿಯುತ್ತದೆ. ದೀದಿ ಒತ್ತುವಾಗ ಅದು ಒಂದೇ ಸಮನೆ ಇಳಿಯುತ್ತಿತ್ತು. ನಾನು ಒತ್ತಿದರೆ ಗಂಟುಗಂಟು.

ತಿರುಳನ್ನು ಮೊದಲು ಒಡೆದ ಹೆಂಚಿನ ಚೂರಿನಿಂದ ಉಜ್ಜಿ, ಆಮೇಲೆ ಅವರೆ ಎಲೆಯನ್ನು ಹಿಂಡಿ ತಿಕ್ಕಬೇಕು. ಹಸಿರು ರಸ ಮಣ್ಣಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ, ಮೇಣ ಚೆನ್ನಾಗಿ ಹಿಡಿಯುತ್ತದೆ. ಅದರ ಮೇಲೆ ಮೇಣದ ತೆಳುವಾದ ಹಾಳೆ, ಹಾಳೆಯ ಮೇಲೆ ಎಳೆ. ಕುದುರೆಯ ಹೊಟ್ಟೆಯ ಅಡಿಯಿಂದ ಆರಂಭಿಸಿ, ಎಳೆಯ ಪಕ್ಕದಲ್ಲಿ ಎಳೆ, ನಡುವೆ ಉಗುರು ತೂರದಂತೆ ಸುತ್ತುತ್ತ ಹೋಗಬೇಕು. ಆಗ ತಿಳಿಯಿತು ಮೇಳದಲ್ಲಿ ಕೇಳಿದ ಮಾತಿನ ಅರ್ಥ. ಆ ಗೆರೆಗಳು ಕುದುರೆಯ ಮೈಮೇಲೆ ಬರೆದ ಅಲಂಕಾರವಲ್ಲ, ಅವೇ ಕುದುರೆಯ ಚರ್ಮ. ನಾಗಮಂಗಲದ ವಿಗ್ರಹದಲ್ಲಿ ಎರಕದ ನಂತರ ಅರ ಹಾಕಿ, ಉಳಿ ಹಿಡಿದು, ಉಜ್ಜಿ ಹೊಳಪು ಕೊಡುವ ಕೆಲಸ ದೊಡ್ಡದು. ಇಲ್ಲಿ ಎರಕವಾದ ಮೇಲೆ ಮಾಡುವುದು ತೀರಾ ಕಡಿಮೆ. ಏನು ಇರಬೇಕೋ ಅದೆಲ್ಲ ಮೇಣದಲ್ಲಿಯೇ ಆಗಿರಬೇಕು. ಕಣ್ಣಿಗೆ ಒಂದು ಸಣ್ಣ ಉಂಡೆ, ಅದನ್ನು ಚಪ್ಪಟೆ ಮಾಡಿ ಸುತ್ತ ಒಂದು ಎಳೆ. ಜೂಲಿಗೆ ಹೊಸೆದ ಎರಡೆಳೆ. ತಡಿಗೆ ಜಡೆ ಹೆಣೆದಂತೆ ಮೂರೆಳೆ. ನನ್ನ ಹೆಬ್ಬೆರಳು ಜೋರಾಗಿ ಊರಿದ ಕಡೆ ಅದರ ಗೆರೆಗಳೂ ಮೇಣದಲ್ಲಿ ಮೂಡಿದವು.

ಜನವರಿಯ ಬೆಳಗಿನ ಚಳಿಯಲ್ಲಿ ಎಳೆ ಮುರಿಯುತ್ತದೆ, ಮಧ್ಯಾಹ್ನ ಕರಗಿದಂತಾಗಿ ಬೆರಳಿಗೆ ಅಂಟುತ್ತದೆ. ನಡುವೆ ಸಿಗುವುದು ಎರಡು ಮೂರು ಗಂಟೆ. ಆ ಹೊತ್ತಿನಲ್ಲಿ ಆ ಬೀದಿಯ ಹೆಂಗಸರೆಲ್ಲ ಬಿಸಿಲು ನೆರಳಿನ ಗಡಿಯಲ್ಲಿ ಕುಳಿತು ಗಡಿ ಸರಿದಂತೆ ತಾವೂ ಸರಿಯುತ್ತಿದ್ದರು. ಮಾತೆಲ್ಲ ಆ ಕಡೆಯ ಭಾಷೆಯಾದ ಹಲ್ಬಿಯಲ್ಲಿ. ನನಗೆ ಒಂದೂ ತಿಳಿಯುತ್ತಿರಲಿಲ್ಲ, ಆದರೂ ಎದ್ದುಹೋಗಬೇಕು ಅನಿಸುತ್ತಿರಲಿಲ್ಲ. ಎರಡು ಕುದುರೆಗಳನ್ನು ಸುತ್ತಲು ನನಗೆ ಐದು ದಿನ ಹಿಡಿಯಿತು. ದೀದಿ ಅಷ್ಟರಲ್ಲಿ ಒಂದು ಆನೆ, ಎರಡು ದೀಪ, ಬಸ್ತರ್‌ನ ದೇವಿ ದಂತೇಶ್ವರಿಯ ಒಂದು ಮೂರ್ತಿ ಮುಗಿಸಿ, ಮೂರು ಹೊತ್ತಿನ ಅಡುಗೆಯನ್ನೂ ಮಾಡಿದ್ದರು.

ಕೊನೆಗೆ ನಾಲ್ಕು ಗೊರಸುಗಳಿಂದಲೂ ಒಂದೊಂದು ಮೇಣದ ಕಡ್ಡಿ ತಂದು ಕೆಳಗೆ ಒಂದೆಡೆ ಸೇರಿಸಬೇಕು. ಲೋಹ ಒಳಗೆ ಇಳಿಯುವ ದಾರಿ ಅದು. ದಾದಾ ಕುದುರೆಯನ್ನು ತಕ್ಕಡಿಯಲ್ಲಿಟ್ಟರು. ತಿರುಳನ್ನು ಮೊದಲೇ ತೂಗಿದ್ದರಿಂದ ಅದನ್ನು ಕಳೆದರೆ ಮೇಣದ ತೂಕ ಸಿಗುತ್ತದೆ. ತೊಂಬತ್ತು ಗ್ರಾಂ. ಒಂದಕ್ಕೆ ಹತ್ತರ ಲೆಕ್ಕದಲ್ಲಿ ಒಂಬೈನೂರು ಗ್ರಾಂ ಹಿತ್ತಾಳೆ, ದಾರಿಗೆಂದು ಇನ್ನೊಂದು ಹಿಡಿ. ಅಂಗಡಿಗಳಲ್ಲಿ ಇದನ್ನು ಬೆಲ್ ಮೆಟಲ್, ಅಂದರೆ ತಾಮ್ರ ತವರದ ಗಂಟೆಯ ಕಂಚು, ಎಂದು ಮಾರಿದರೂ ನಾನು ಮೂಸೆಗೆ ತುಂಬಿದ್ದು ಗುಜರಿಯ ಹಿತ್ತಾಳೆಯನ್ನು. ಒಡೆದ ಚೊಂಬು, ನಲ್ಲಿಯ ತಲೆ, ಯಾರದೋ ಮನೆಯ ಬಾಗಿಲಿನ ಚಿಲಕ.

ಮೇಣದ ಮೇಲೆ ಬೀಳುವ ಮೊದಲ ಮಣ್ಣು ಬಲು ನವುರು. ಇದ್ದಿಲ ಪುಡಿ, ಹೊಳೆಯ ಜೇಡಿ, ಸಗಣಿ ಮೂರನ್ನೂ ಬಟ್ಟೆಯಲ್ಲಿ ಸೋಸಿ ನೀರುದೋಸೆಯ ಹಿಟ್ಟಿನಷ್ಟು ತೆಳ್ಳಗೆ ಮಾಡಿ ಎಳೆಯ ಸಂದುಗಳಿಗೆ ಇಳಿಯುವಂತೆ ಸವರಬೇಕು. ಎಳೆಯ ಗುರುತನ್ನು ಹಿಡಿದಿಡುವುದು ಈ ಪದರ. ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಹುತ್ತದ ಮಣ್ಣು ಮತ್ತು ಹೊಟ್ಟಿನ ದಪ್ಪ ಹೊದಿಕೆ. ಬೆಂಕಿಯಲ್ಲಿ ಹೊಟ್ಟು ಸುಟ್ಟು ಮಣ್ಣಿನಲ್ಲಿ ಉಸಿರಾಡುವ ತೂತುಗಳಾಗುತ್ತವೆ. ಕೊನೆಗೆ ಮೇಣದ ಕಡ್ಡಿಗಳು ಸೇರುವಲ್ಲಿ, ಹಿತ್ತಾಳೆಯ ತುಂಡು ತುಂಬಿದ ಮಣ್ಣಿನ ಬಟ್ಟಲನ್ನು ಬಾಯಿಗೆ ಬಾಯಿ ಕೂಡಿಸಿ, ಇಡೀ ಗಂಟನ್ನು ಮಣ್ಣಿನಿಂದ ಮುಚ್ಚಿಬಿಡುತ್ತಾರೆ. ದೊಡ್ಡ ಮೂರ್ತಿಗಳಿಗೆ ಬೇರೆ ಮೂಸೆಯಲ್ಲಿ ಕರಗಿಸಿ ಹೊಯ್ಯುತ್ತಾರೆ. ಚಿಕ್ಕವಕ್ಕೆ ಈ ಮನೆಯಲ್ಲಿ ಇದೇ ಕ್ರಮ. ಮೇಣವನ್ನು ಬಸಿದು ತೆಗೆಯುವುದೂ ಇಲ್ಲ. ಮಣ್ಣು ಒಂದಿಷ್ಟನ್ನು ಕುಡಿಯುತ್ತದೆ, ಉಳಿದದ್ದು ಉರಿದುಹೋಗುತ್ತದೆ.

ಹನ್ನೊಂದನೆಯ ದಿನ ನಾನು ಕಾಯುತ್ತಿದ್ದ ಬೆಂಕಿ ಹೊತ್ತಿತು. ನೆಲದಲ್ಲಿ ತೋಡಿದ ಕುಲುಮೆ, ಇದ್ದಿಲು, ಗಾಳಿಗೆ ತಿದಿಯ ಬದಲು ಈಗ ವಿದ್ಯುತ್ತಿನ ಬ್ಲೋವರ್. ಬಟ್ಟಲು ಕೆಳಗೆ, ಕುದುರೆ ಮೇಲೆ ಬರುವಂತೆ ಗಂಟುಗಳನ್ನು ಜೋಡಿಸಿದರು. ನನ್ನದು ಒಂದು, ದೀದಿಯವು ಐದು. ಸುಮಾರು ಎರಡು ಗಂಟೆ. ದಾದಾ ಬೆಂಕಿಯ ಬಣ್ಣವನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಕಿತ್ತಳೆಯ ಜ್ವಾಲೆಯ ಅಂಚಿನಲ್ಲಿ ಹಸಿರು ಕಾಣಿಸಿತು. ಹಿತ್ತಾಳೆ ನೀರಾಗುವುದು 900 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ. ಸತು ಕುದಿಯುವುದೂ ಅಲ್ಲಿಯೇ, ಅದರ ಆವಿ ಮಣ್ಣಿನಿಂದ ನುಸುಳಿ ಉರಿಯುವಾಗ ಈ ಹಸಿರು. ದಾದಾ ಉದ್ದನೆಯ ಇಕ್ಕಳದಿಂದ ಕೆಂಡದಂತಿದ್ದ ಗಂಟನ್ನು ಎತ್ತಿ, ಒಮ್ಮೆ ಅಲುಗಿಸಿ, ತಲೆಕೆಳಗು ಮಾಡಿ ಮರಳಿನಲ್ಲಿ ನಿಲ್ಲಿಸಿದರು. ಬಟ್ಟಲು ಈಗ ಮೇಲೆ, ಕುದುರೆ ಕೆಳಗೆ. ಒಳಗೆ ಲೋಹ ಇಳಿದಿರಬೇಕು. ಹೊರಗೆ ಏನೂ ಕಾಣುವುದಿಲ್ಲ, ಏನೂ ಕೇಳುವುದಿಲ್ಲ. ಬಾಲ್ಯದಿಂದ ನಾನು ನೋಡಬೇಕೆಂದುಕೊಂಡದ್ದು ಮಣ್ಣಿನ ಗೋಡೆಯ ಆಚೆ ನಡೆದುಹೋಯಿತು.

ತಣಿದ ಮೇಲೆ ಸುತ್ತಿಗೆಯಿಂದ ಮಣ್ಣು ಒಡೆದೆ. ತಲೆ ಬಂತು, ಜೂಲು ಬಂತು, ತಡಿಯ ಜಡೆ ಒಂದೆಳೆಯೂ ತಪ್ಪದೆ ಬಂತು. ಮುಂದಿನ ಎಡಗಾಲು ಇರಲಿಲ್ಲ. ಮೊಣಕಾಲಿನವರೆಗೆ ಬಂದು ಅಲ್ಲಿಗೆ ನಿಂತಿತ್ತು.

ಬೆಂಕಿಯಲ್ಲಿ ಏನಾದರೂ ತಪ್ಪಿತೇ ಎಂದು ದಾದಾರನ್ನು ಕೇಳಿದೆ. ಅವರು ದೀದಿಯ ಕಡೆ ಕೈ ತೋರಿಸಿದರು. ದೀದಿ ಒಡೆದ ಮಣ್ಣಿನ ಚೂರುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಒಂದನ್ನು ನನ್ನ ಅಂಗೈಯಲ್ಲಿಟ್ಟರು. ಗೊರಸಿನಿಂದ ಬಂದ ದಾರಿಯ ನಡುವೆ ಕೂದಲಿನಷ್ಟು ತೆಳ್ಳನೆಯ ಮಣ್ಣಿನ ಪೊರೆ ಅಡ್ಡ ನಿಂತಿತ್ತು. ಹೊದಿಕೆ ಹಾಕುವಾಗ ನಾನು ಬಲವಾಗಿ ಒತ್ತಿದ್ದೆ, ಮೇಣದ ಕಡ್ಡಿ ಗೊರಸಿನಿಂದ ಬಿಟ್ಟಿತ್ತು, ಆ ಬಿರುಕಿಗೆ ಮಣ್ಣು ಹೊಕ್ಕಿತ್ತು. ಮೈಯಿಂದ ಕಾಲಿನೊಳಗೆ ಏರುತ್ತಿದ್ದ ಲೋಹಕ್ಕೆ ಎದುರಾಗಿ ಗಾಳಿ ಸಿಕ್ಕಿಬಿದ್ದಿತ್ತು, ಹೊರಗೆ ಹೋಗಲು ಅದಕ್ಕೆ ದಾರಿಯಿರಲಿಲ್ಲ. ತಪ್ಪು ನಡೆದದ್ದು ನಾಲ್ಕು ದಿನ ಮೊದಲು, ಅಂಗಳದ ನೆರಳಿನಲ್ಲಿ, ನನ್ನ ಹೆಬ್ಬೆರಳಿನ ಕೆಳಗೆ.

ಬಹಳ ಹೊತ್ತು ಆ ಚೂರನ್ನು ಹಿಡಿದು ಕುಳಿತಿದ್ದೆ. ಎರಕ ಎಂದರೆ ಬೆಂಕಿ ಎಂದುಕೊಂಡೇ ಬಂದವಳು ನಾನು. ನನ್ನಂತೆ ಬರುವವರೆಲ್ಲ ಮೊಬೈಲ್ ಎತ್ತುವುದೂ ಆ ಹಸಿರು ಜ್ವಾಲೆಗೆ. ಹನ್ನೊಂದು ದಿನಗಳಲ್ಲಿ ಬೆಂಕಿ ಇದ್ದದ್ದು ಎರಡು ಗಂಟೆ. ಉಳಿದದ್ದೆಲ್ಲ ಮಣ್ಣು, ಮೇಣ, ಕಾಯುವಿಕೆ. ಆ ಮನೆಯಲ್ಲಿ ಅದಷ್ಟೂ ದೀದಿಯ ಕೆಲಸ. ಕುಲುಮೆ ದಾದಾರದು, ಮಾರಾಟ ದಾದಾರದು, ಮೂರ್ತಿಗೆ ಕಟ್ಟುವ ಚೀಟಿಯಲ್ಲಿ ಹೆಸರೂ ದಾದಾರದು. ದಾದಾ ಕೆಟ್ಟವರಲ್ಲ, ತಪ್ಪು ಹುಡುಕಲು ಹೆಂಡತಿಯ ಕಡೆ ಕೈ ತೋರಿಸಿದವರು ಅವರೇ. ಆದರೂ ಆ ಚೀಟಿಯಲ್ಲಿ ದೀದಿಯ ಹೆಸರೂ ಇರಬೇಕು. ಇದನ್ನು ನಾನು ಅವರಿಬ್ಬರ ಎದುರಿಗೇ ಹೇಳಿದೆ. ದೀದಿ ನಕ್ಕು ಒಲೆಯ ಕಡೆ ಹೋದರು. ದಾದಾ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಅದೇ ವಾರ ಒಬ್ಬ ವ್ಯಾಪಾರಿ ಬಂದು ಮೂರ್ತಿಗಳನ್ನು ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ಕೊಂಡ. ಕೈ ಪಳಗಿದಷ್ಟೂ ಮೇಣ ತೆಳ್ಳಗಾಗುತ್ತದೆ, ಮೇಣ ತೆಳ್ಳಗಾದಷ್ಟೂ ಮೂರ್ತಿ ಹಗುರವಾಗುತ್ತದೆ. ದೀದಿಯ ಆನೆ ನನ್ನ ಕುದುರೆಗಿಂತ ದೊಡ್ಡದು, ತೂಕದಲ್ಲಿ ಕಡಿಮೆ. ಆ ತಕ್ಕಡಿಯಲ್ಲಿ ನನ್ನ ಒರಟು ಕೈಗೆ ಅವರ ಮೂವತ್ತು ವರ್ಷದ ಕೈಗಿಂತ ಹೆಚ್ಚು ಬೆಲೆ ಸಿಗುತ್ತಿತ್ತು. ಬಸ್ತರ್ ಢೋಕ್ರಾಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಮೇಳಗಳಿವೆ, ಎಲ್ಲವೂ ಒಳ್ಳೆಯದೇ. ಕೊಳ್ಳುವವರು ಮಾತ್ರ ದಯವಿಟ್ಟು ಕೈಯಲ್ಲಿ ತೂಗಿ ನೋಡಿ, ಭಾರ ಇದ್ದದ್ದೇ ಒಳ್ಳೆಯದು ಎಂದುಕೊಳ್ಳಬೇಡಿ. ಹತ್ತಿರ ಹಿಡಿದು ಎಳೆಗಳನ್ನು ನೋಡಿ.

ಎರಡನೆಯ ಕುದುರೆಗೆ ನಾನು ಇನ್ನೂ ಹೊದಿಕೆ ಹಾಕಿರಲಿಲ್ಲ. ಈ ಸಲ ನಾಲ್ಕು ಗೊರಸುಗಳ ಕಡ್ಡಿಗಳನ್ನೂ ಕಾಯಿಸಿದ ಚೂರಿಯ ತುದಿ ಮುಟ್ಟಿಸಿ ಬೆಸೆದೆ. ಒಂದು ಬೆಸುಗೆ ಸಾಲದೆಂದು ದೀದಿ ಅದರ ಮೇಲೆ ಸಣ್ಣ ಮೇಣದ ಉಂಡೆ ಇಟ್ಟು ಒತ್ತಿದರು. ಮೊದಲ ಪದರವನ್ನು ನಾನು ಒತ್ತಲಿಲ್ಲ, ಇಳಿಯಲು ಬಿಟ್ಟೆ. ಬಟ್ಟಲು ತುಂಬುವ ದಿನ ದಾದಾ ಮೂರು ಕಾಲಿನ ಕುದುರೆಯನ್ನು ತಂದು ನನ್ನ ಮುಂದೆ ಇಟ್ಟು ಸುತ್ತಿಗೆ ಕೊಟ್ಟರು. ಒಡೆಯಲು ಕೈ ಏಳಲಿಲ್ಲ. ಇದನ್ನೇ ಊರಿಗೆ ಒಯ್ಯುತ್ತೇನೆ ಎಂದೆ. "ಹಿತ್ತಾಳೆಗೆ ಬೇರೆ ದುಡ್ಡು ಕೊಡುತ್ತೀಯಾ?" ಎಂದು ಕೇಳಿದವರು ದೀದಿ, ಗಂಭೀರವಾಗಿಯೇ. ಅವರಿಗೆ ಅದು ಆಗಲೇ ಕುದುರೆಯಾಗಿರಲಿಲ್ಲ, ಒಂಬೈನೂರು ಗ್ರಾಂ ಲೋಹವಾಗಿತ್ತು. ನಾನೇ ಒಡೆದೆ, ತುಂಡುಗಳನ್ನು ನಾನೇ ಬಟ್ಟಲಿಗೆ ತುಂಬಿದೆ.

ಎರಡನೆಯದು ನಾಲ್ಕೂ ಕಾಲಿನಲ್ಲಿ ಬಂತು. ದಾರಿಯ ಕಡ್ಡಿಗಳನ್ನು ಗರಗಸದಿಂದ ಕೊಯ್ದು, ತಂತಿಯ ಬ್ರಷ್‌ನಿಂದ ತಿಕ್ಕಿ, ಹುಣಸೆಹಣ್ಣು ಹಚ್ಚಿ ತೊಳೆದೆವು. ಒಂದು ಗೊರಸಿನ ಒಳಬದಿಯಲ್ಲಿ ದೀದಿಯ ಬೆರಳಿನ ಗುರುತು ಹಿತ್ತಾಳೆಯಲ್ಲಿ ಉಳಿದಿದೆ, ಅರ ಹಾಕಿ ತೆಗೆಯಬೇಡಿ ಎಂದು ದಾದಾರಿಗೆ ಕೇಳಿಕೊಂಡಿದ್ದೆ. ತಿರುಳಿನ ಮಣ್ಣನ್ನು ಹೊಟ್ಟೆಯಡಿಯ ಸಂದಿನಿಂದ ಕೆರೆದು ತೆಗೆದೆವು, ಪೂರ್ತಿ ಬರಲಿಲ್ಲ. ಈಗ ಅದು ಬೆಂಗಳೂರಿನ ಮನೆಯಲ್ಲಿ ಕಿಟಕಿಯ ಪಕ್ಕದಲ್ಲಿದೆ. ಧೂಳು ಒರೆಸಲು ಎತ್ತಿದಾಗಲೆಲ್ಲ ಒಳಗಿನಿಂದ ಸುಟ್ಟ ಮಣ್ಣು ಒಂದು ಚಿಟಿಕೆಯಷ್ಟು ಉದುರುತ್ತದೆ. ಅದನ್ನು ಗುಡಿಸಿ ಎಸೆಯುವುದಿಲ್ಲ, ತುಳಸಿಯ ಕುಂಡಕ್ಕೆ ಹಾಕುತ್ತೇನೆ.